ಕೊಟ್ಟಿಗೆಯೊಳಗಿನ ಹಗೇವು

ಹಳ್ಳಿಗೆ ಕಾಲಿಟ್ಟಾಗ ಜನ ನನ್ನ ಮುಖಕ್ಕಿಂತ ಮೊದಲು ನನ್ನ ಭುಜಕ್ಕೆ ನೇತುಬಿದ್ದಿದ್ದ ಯಂತ್ರವನ್ನು ನೋಡುತ್ತಿದ್ದರು. ಚರ್ಮದ ಕವಚದ ಟೇಪ್ ರೆಕಾರ್ಡರು ಅದು. ಒಳಗೆ ಎರಡು ಸ್ಪೂಲು, ತಳದಲ್ಲಿ ಸಾಲಾಗಿ ಬ್ಯಾಟರಿ. ದಿನವಿಡೀ ಹೊತ್ತರೆ ಸಂಜೆಗೆ ಹೆಗಲ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿರುತ್ತಿತ್ತು. ಪಟ್ಟದಕಲ್ಲಿನ ಒಂದು ಓಣಿಯಲ್ಲಿ ನನ್ನನ್ನು ಕಂಡ ಕೂಡಲೇ ತಾಯಂದಿರು ಮಕ್ಕಳನ್ನು ಒಳಗೆಳೆದುಕೊಂಡು ಕದ ಹಾಕಿದರು, ಸೂಜಿ ಚುಚ್ಚುವಾಕೆ ಬಂದಳೆಂದು. ಬಾಗಲಕೋಟೆಯ ಸುತ್ತಲಿನ ಹೊಳೆದಂಡೆಯ ಊರುಗಳಲ್ಲಿ, ಆಣೆಕಟ್ಟಿನ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಗುರುತು ಹಾಕಲು ಬಂದವಳೆಂದು ತಿಳಿದು ಇಬ್ಬರು ಗಂಡಸರು ಊರು ದಾಟುವವರೆಗೂ ನನ್ನ ಬೆನ್ನ ಹಿಂದೆಯೇ ನಡೆದರು. ಇಳಕಲ್ಲಿನಲ್ಲಿ ಹತ್ತಿಯ ವಿಚಾರ ಕೇಳಹೋದರೆ ನೇಕಾರರ ಮನೆಯ ಮುದುಕರೊಬ್ಬರು, "ಮಗ್ಗ ಎಷ್ಟದಾವ ಅಂತ ಎಣಸಾಕ ಬಂದೀಯೇನವಾ?" ಎಂದವರು ನನ್ನ ಉತ್ತರಕ್ಕೂ ಕಾಯದೆ ಎದ್ದು ಒಳಗೆ ಹೋದರು.

ಅವರದು ತಪ್ಪೆನ್ನಲಾರೆ. ಆ ದಿನಗಳಲ್ಲಿ ಹಳ್ಳಿಗೆ ಬಂದು ಪ್ರಶ್ನೆ ಕೇಳಿದವರೆಲ್ಲ ಹೋಗುವಾಗ ಏನಾದರೂ ಒಯ್ಯುತ್ತಿದ್ದರು. ಎಷ್ಟು ಎಕರೆ, ಏನು ಬಿತ್ತಿದ್ದೀರಿ, ಎಷ್ಟು ಚೀಲ ಬಂತು ಎಂದು ಕಚೇರಿಯವರು ಕೇಳುತ್ತಿದ್ದುದನ್ನೇ ನಾನೂ ಕೇಳುತ್ತಿದ್ದೆ. ನಾನು ಕೇಳುವುದು ರೇಡಿಯೋಕ್ಕಾಗಿ ಎಂದರೆ ಯಾರು ನಂಬಬೇಕು?

ನಾನು ಕೆರೂರಿನವಳು. ಗೃಹವಿಜ್ಞಾನ ಓದಿ, ಎಪ್ಪತ್ತರ ದಶಕದ ನಡುವೆ ಬಾನುಲಿಯ ಕೃಷಿ ವಿಭಾಗಕ್ಕೆ ಸೇರಿದೆ. ಸಂಜೆಯ ರೈತರ ಕಾರ್ಯಕ್ರಮದಲ್ಲಿ ವಾರಕ್ಕೊಂದು ದಿನ ಹೆಂಗಸರ ಪಾಲಿತ್ತು: ಬೀಜ ಕಾಯುವುದು, ಎಮ್ಮೆ ಸಾಕುವುದು, ಕಾಳಿಗೆ ಹುಳ ಬೀಳದಂತೆ ನೋಡಿಕೊಳ್ಳುವುದು. ಆ ಕಡೆಯ ಆಡುಮಾತು ನನ್ನದೇ ಮಾತು ಎಂಬ ಕಾರಣಕ್ಕೆ ಬದಾಮಿ, ಬಾಗಲಕೋಟೆ, ಹುನಗುಂದ ತಾಲ್ಲೂಕುಗಳನ್ನು ನನಗೆ ಬಿಟ್ಟಿದ್ದರು. ಆದರೆ ನನಗೂ ಜನರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಮೈಕು ಮುಂದೆ ಹಿಡಿದರೆ ಕೆಲವರು ನನ್ನನ್ನು ಮೆಚ್ಚಿಸಲು ಬೆಳೆ ಹೆಚ್ಚು ಹೇಳುತ್ತಿದ್ದರು, ಕೆಲವರು ಹೆದರಿ ಕಡಿಮೆ ಹೇಳುತ್ತಿದ್ದರು. ಎರಡನ್ನೂ ಕೇಳಿ ತಲೆಯಾಡಿಸಿ, ಬಸ್ಸಿನಲ್ಲಿ ಕೂತು ಯಾವುದು ಖರೆ ಯಾವುದು ಸುಳ್ಳು ಎಂದು ಲೆಕ್ಕ ಹಾಕುವುದೇ ನನ್ನ ಕೆಲಸವೆಂದು ತಿಳಿದಿದ್ದೆ.

ಆಗ ಲೆವಿ ಇತ್ತು. ಬೆಳೆದ ಜೋಳದಲ್ಲಿ ಇಷ್ಟನ್ನು ಸರಕಾರಕ್ಕೆ, ಸರಕಾರ ಹೇಳಿದ ದರಕ್ಕೆ ಕೊಡಲೇಬೇಕು. ಎರೆ ಭೂಮಿಯ ಊರುಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮುಚ್ಚಿ ಮೇಲೆ ಮಣ್ಣು ಸಾರಿಸಿದರೆ ಅಲ್ಲಿ ಏನಿದೆಯೆಂದು ಮನೆಯವರಿಗೆ ಬಿಟ್ಟು ಬೇರೆಯವರಿಗೆ ತಿಳಿಯದು. ಲೆವಿ ಬಂದ ಮೇಲೆ ಹಗೇವು ಎಂಬ ಮಾತನ್ನೇ ಜನ ದನಿ ತಗ್ಗಿಸಿ ಆಡತೊಡಗಿದ್ದರು. ಕಾಳು ಸಂಗ್ರಹಣೆಯ ಬಗ್ಗೆ ಕಾರ್ಯಕ್ರಮ ಮಾಡಲು ನಾನು ಆರಿಸಿಕೊಂಡದ್ದು ಅಂಥ ಹೊತ್ತನ್ನು.

ನಮ್ಮ ಕೇಂದ್ರದ ಗಾಡಿ ಅಷ್ಟು ದೂರ ಬರುತ್ತಿರಲಿಲ್ಲ. ಹುನಗುಂದದ ಒಂದು ಸರಕಾರಿ ಕಚೇರಿಯವರು ಬೇಕಾದ ದಿನ ತಮ್ಮ ಜೀಪು ಕೊಡುತ್ತಿದ್ದರು. ಪ್ರತಿಯಾಗಿ ಅವರು ಕೇಳುತ್ತಿದ್ದುದು ಒಂದು ಪ್ರವಾಸ ವರದಿ: ಎಲ್ಲಿಗೆ ಹೋದಿರಿ, ಯಾರನ್ನು ಕಂಡಿರಿ, ಏನು ಮಾಡಿದಿರಿ. ಡೀಸೆಲ್ಲಿಗೆ ಕಾರಣ ತೋರಿಸಬೇಕಲ್ಲ. ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ಬರೆದು, ಒಂದನ್ನು ನಮ್ಮ ಕೇಂದ್ರಕ್ಕೆ, ಇನ್ನೊಂದನ್ನು ಜೀಪಿನ ಚಾಲಕನ ಕೈಗೆ ಕೊಡುತ್ತಿದ್ದೆ. ಸಾಲಿಯಲ್ಲಿ ಅಕ್ಷರಕ್ಕೆ ಬಹುಮಾನ ಪಡೆದವಳು ನಾನು. ವರದಿಯನ್ನೂ ಹಾಗೇ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದೆ.

ಗ್ರಾಮಸೇವಕರೊಬ್ಬರು ನನ್ನನ್ನು ರಾಮಥಾಳದ ಕಡೆಯ ಒಂದು ಹಳ್ಳಿಗೆ ಕರೆದೊಯ್ದರು. ಸದಾ ನಗುತ್ತಿದ್ದ ಮನುಷ್ಯ. ಆ ನಗು ನನಗೆ ಮೊದಲ ದಿನದಿಂದಲೂ ಹಿಡಿಸಿರಲಿಲ್ಲ. "ಹಗೇವಿನ ವಿಚಾರಕ್ಕ ಈ ಮನಿ ಅವ್ವನ ಮುಂದ ಯಾರೂ ಇಲ್ರಿ" ಎಂದು ಒಂದು ಮನೆಯ ಮುಂದೆ ಜೀಪು ನಿಲ್ಲಿಸಿದರು. ಜೀಪು ಕಂಡು ಎದುರು ಮನೆಯ ಕಿಟಕಿ ಮುಚ್ಚಿತು.

ಮನೆಯ ಹಿರಿಯಾಕೆಗೆ ಅರವತ್ತು ದಾಟಿತ್ತು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಹಿರಿಯ ಮಗ ಮತ್ತು ಸೊಸೆ ಆಕೆಯ ಜೊತೆಗಿದ್ದರು. ಕಿರಿಯ ಮಗ ಹೊಲ ಹಂಚಿಕೊಂಡು ಅದೇ ಓಣಿಯ ತುದಿಯಲ್ಲಿ ಬೇರೆ ಮನೆ ಮಾಡಿದ್ದ. ಪಾಲಾದಾಗಿನಿಂದ ಎರಡು ಮನೆಗಳ ನಡುವೆ ಮಾತು ಅಷ್ಟಕ್ಕಷ್ಟೇ. ಹಿರಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾರ ಪೈಕಿ, ತವರು ಯಾವುದು, ಲಗ್ನ ಆಗಿದೆಯೋ ಇಲ್ಲವೋ ಎಲ್ಲ ಕೇಳಿ ಮುಗಿಸಿದಳು. ಆಮೇಲೆ ಗಂಡಸರನ್ನು ಹೊರಗಿನ ಕಟ್ಟೆಗೆ ಕಳಿಸಿ, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, "ಹಚ್ಚು ನಿನ್ನ ಮಷೀನ" ಎಂದಳು.

ಎಷ್ಟು ಚೆನ್ನಾಗಿ ಮಾತಾಡಿದಳು! "ಕಾಳ ಹಲ್ಲಾಗ ಕಡದ್ರ ಟಕ್ ಅನಬೇಕು. ಅನಲಿಲ್ಲಂದ್ರ ಇನ್ನೊಂದ ದಿನ ಬಿಸಲಿಗೆ ಹಾಕ್ರಿ. ಹಗೇದ ಸುತ್ತ ಜೋಳದ ಒಣಾ ಕಣಕಿ ಹಾಸಬೇಕು, ತಂಪ ತಾಗಬಾರದು. ತುಂಬಿದ ಮ್ಯಾಲೆ ಬೂದಿ, ಬೂದಿ ಮ್ಯಾಲೆ ಹಾಸಗಲ್ಲು, ಕಲ್ಲಿನ ಸುತ್ತ ಕೆಸರು. ತಗಿಯೂ ಮುಂದ ಮಾತ್ರ ಅವಸರ ಮಾಡಬ್ಯಾಡ್ರಿ. ಒಳಗ ಕೆಟ್ಟ ಗಾಳಿ ನಿಂತಿರ್ತೈತಿ. ಹಗ್ಗಕ್ಕ ಕಂದೀಲ ಕಟ್ಟಿ ಇಳಿಬಿಡ್ರಿ. ಅದು ಆರಿತಂದ್ರ, ಇಳದಾಂವ ತಿರುಗಿ ಮ್ಯಾಲೆ ಬರೂದಿಲ್ಲ." ಒಂದು ಸಲವೂ ತಡವರಿಸಲಿಲ್ಲ. ಕತ್ತರಿಸುವ ಕೆಲಸವೇ ಇರದ ಧ್ವನಿಮುದ್ರಣ ನನ್ನ ನೌಕರಿಯಲ್ಲಿ ಅದೇ ಮೊದಲು.

ಮುಗಿದ ಮೇಲೆ, ನಿಮ್ಮ ಹಗೇವು ಎಲ್ಲಿದೆ ಎಂದು ಕೇಳಿದೆ. ಆಕೆ ಸೊಸೆಯ ಮುಖ ನೋಡಿದಳು. ಸೊಸೆ ಬೇಡವೆಂಬಂತೆ ಕಣ್ಣು ತಗ್ಗಿಸಿದಳು.

"ಮೊದಲ ಮಷೀನ ಬಂದ್ ಮಾಡು" ಎಂದಳು ಹಿರಿಯಾಕೆ. "ಆಮ್ಯಾಲೆ ತೋರಸ್ತೇನಿ."

ಗುಂಡಿ ಒತ್ತಿ ನಿಲ್ಲಿಸಿದೆ. ಸ್ಪೂಲು ತಿರುಗುವುದಿಲ್ಲವೆಂದು ಆಕೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು. ನನ್ನನ್ನು ದನದ ಕೊಟ್ಟಿಗೆಗೆ ಕರೆದೊಯ್ದು, ಎತ್ತುಗಳ ಮೇವಿನ ಗೋದಲಿಯ ಕೆಳಗಿನ ನೆಲವನ್ನು ಕಾಲ ಹೆಬ್ಬೆರಳಿನಿಂದ ತಟ್ಟಿ ತೋರಿಸಿದಳು. ವರ್ಷದ ಊಟ, ಮುಂದಿನ ಬಿತ್ತಿಗೆಯ ಬೀಜ ಎರಡೂ ಅಲ್ಲೇ ಇದ್ದವು. "ನನ್ನ ಮಾವನ ಕಾಲದ್ದು. ಈಗೀಗ ಯಾರೂ ಇಂಥಾದ್ದ ತೋಡೂದಿಲ್ಲ" ಎಂದಳು. ಹೆಮ್ಮೆಯಿಂದಲೇ ತೋರಿಸಿದಳು. ಇನ್ನೊಬ್ಬ ಹೆಂಗಸಿಗೆ, ಅದೂ ತಿಳಿದವಳಿಗೆ, ತನ್ನ ಮನೆಯ ಒಳ್ಳೆಯ ವಸ್ತುವೊಂದನ್ನು ತೋರಿಸಿದಂತೆ.

ಆ ಕಾರ್ಯಕ್ರಮ ಒಂದು ಗುರುವಾರ ಸಂಜೆ ಪ್ರಸಾರವಾಯಿತು. ಮೇಲಧಿಕಾರಿಗಳು ಭೇಷ್ ಎಂದರು. ಮರುವಾರ ಒಂದು ಕಾರ್ಡು ಬಂತು, ಹೆಸರಿಲ್ಲ, ಅಂಚೆಯ ಮುದ್ರೆ ಹುನಗುಂದದ್ದು. "ಮಂಗಳವಾರ ಮುದುಕಿಯ ಜೋಳ ಹೊತ್ತುಕೊಂಡು ಹೋದಿರಿ. ಗುರುವಾರ ಅವಳ ಮಾತು ಕೇಳಿಸಿ ಊರಿಗೆಲ್ಲ ಅವಳನ್ನು ನಗೆಪಾಟಲು ಮಾಡಿದಿರಿ. ರೇಡಿಯೋ ಅಂದರೆ ಸರಕಾರದ ಕಿವಿ ಅಂತ ಈಗ ತಿಳಿಯಿತು."

ಕಾರ್ಡನ್ನು ನಾಲ್ಕೈದು ಸಲ ಓದಿದೆ. ಆಮೇಲೆ, ಸುಳ್ಳೇಕೆ ಹೇಳಲಿ, ಸಮಾಧಾನವಾಯಿತು. ಮಂಗಳವಾರ! ಪ್ರಸಾರವಾಗುವುದಕ್ಕೆ ಎರಡು ದಿನ ಮೊದಲು. ಅಂದರೆ ಸುದ್ದಿ ಹೋದದ್ದು ರೇಡಿಯೋದಿಂದ ಅಲ್ಲ, ಬೇರೆ ಯಾರಿಂದಲೋ. ಯಾರಿಂದ ಎಂದು ಯೋಚಿಸಿದ ಕೂಡಲೇ ಗ್ರಾಮಸೇವಕರ ನಗು ಕಣ್ಣ ಮುಂದೆ ಬಂತು.

ಒಂದು ವಾರದ ಮೇಲೆ ಆ ಹಳ್ಳಿಗೆ ಹೋದೆ. ಹಿರಿಯಾಕೆ ಹೊರಗೆ ಬರಲಿಲ್ಲ. ಹಿರಿಯ ಮಗ ಕಟ್ಟೆಯ ಮೇಲೆ ನಿಂತೇ ಮಾತಾಡಿದ, ಕೂಡ್ರಿರಿ ಎನ್ನಲಿಲ್ಲ.

"ಲೆವಿಗೆ ಬಂದವರು ಅಲ್ಲೆ ಇಲ್ಲೆ ಹುಡುಕಲಿಲ್ರಿ" ಎಂದ. "ನೆಟ್ಟಗ ದನದ ಮನಿಗೆ ಹೋದ್ರು. ಗೋದಲಿ ಸರಿಸಿ ಅಗದ್ರು. ಬೀಜಕ್ಕ ಇಟ್ಟಿದ್ದೂ ಬಿಡಲಿಲ್ಲ."

ಕಲ್ಲು ಎತ್ತಿದ ಕೂಡಲೇ ಕಚೇರಿಯ ಜವಾನನೊಬ್ಬ ಅವಸರದಿಂದ ಒಳಗೆ ಇಳಿದನಂತೆ. ಇಳಿದವನು ಅಲ್ಲೇ ಕುಸಿದ. ಗದ್ದಲ ಕೇಳಿ ಓಣಿಯ ತುದಿಯಿಂದ ಕಿರಿಯ ಮಗ ಓಡಿಬಂದು, ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅವನನ್ನು ಮೇಲೆ ಎಳೆದು ತಂದ. ಜವಾನ ಬದುಕಿದ. ಸಾಹೇಬರು ಕಿರಿಯ ಮಗನ ಬೆನ್ನು ತಟ್ಟಿ "ಶಾಭಾಸ್" ಎಂದರು. ಆ ಶಾಭಾಸೇ ಅವನಿಗೆ ಮುಳುವಾಯಿತು. ತಾಯಿಗೆ ಕಂಡದ್ದು ತನ್ನ ಜೋಳ ಒಯ್ಯಲು ಬಂದವರ ನಡುವೆ ನಿಂತ ಮಗ, ಅವನ ಬೆನ್ನ ಮೇಲೆ ಸಾಹೇಬನ ಕೈ.

"ಜಾಗಾ ಗೊತ್ತಿದ್ದದ್ದು ನಮ್ಮ ಮೂರು ಮಂದಿಗೆ, ಮತ್ತ ಅವಗ" ಎಂದ ಹಿರಿಯ ಮಗ. "ಪಾಲಿನ ಸಿಟ್ಟು ತೀರಿಸಿಕೊಂಡ. ನಮ್ಮವ್ವ ಅವನ ಮಾರಿ ನೋಡೂದಿಲ್ಲ ಅಂದಾಳ."

ಆ ಪಟ್ಟಿಯಲ್ಲಿ ನನ್ನನ್ನು ಅವನು ಎಣಿಸಲಿಲ್ಲ. ಸೊಸೆ ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಆಕೆ ಎಣಿಸಿದ್ದಳೆಂದು ಕಾಣುತ್ತದೆ. ನಾನು ಆ ನೋಟ ತಪ್ಪಿಸಿಕೊಳ್ಳಲು ಒಂದು ಮಾತು ಆಡಿದೆ. "ಗ್ರಾಮಸೇವಕರಿಗೆ ಯಾರರ ಹೇಳಿದ್ರೇನು?" ಎಂದೆ. ಅಷ್ಟೇ ಅಂದದ್ದು. ಅವನ ಹುಬ್ಬು ಗಂಟಿಕ್ಕಿದ್ದನ್ನು ನೋಡಿ, ಮಾತು ನಾಟಿತೆಂದು ತಿಳಿದು, ಬಸ್ಸು ಹತ್ತಿದೆ.

ತಿಂಗಳೊಳಗೆ ಅದರ ಫಲ ಕಂಡಿತು. ಹುನಗುಂದದ ಬಸ್ ನಿಲ್ದಾಣದಲ್ಲಿ ಗ್ರಾಮಸೇವಕರು ಎದುರಾದರು. ನಗು ಇರಲಿಲ್ಲ.

"ಬಾಯಾರ, ಊರಾಗ ನನಗ ನೀರ ಸೈತ ಕೊಡವಲ್ರು" ಎಂದರು. "ನಾ ಹೇಳಿಕೊಟ್ಟೆ ಅಂತ ನೀವು ಅಂದ್ರಂತ. ಆ ಹಗೇದ ಜಾಗಾ ಅವರು ಅಗಿಯೂತನಕ ನನಗ ಗೊತ್ತಿರಲಿಲ್ಲ. ನಾ ಕಟ್ಟಿ ಮ್ಯಾಲೆ ಚಹಾ ಕುಡಕೋತ ಕುಂತಿದ್ದೆ. ಖರೆ ಯಾರು ಹೇಳ್ಯಾರ ತಿಳೀಬೇಕೇನು? ಬರ್ರಿ ನನ್ನ ಕೂಡ."

ಅವರು ನನ್ನನ್ನು ಜೀಪು ಕೊಡುತ್ತಿದ್ದ ಅದೇ ಕಚೇರಿಗೆ ಕರೆದೊಯ್ದರು. ಗುಮಾಸ್ತರಿಗೆ ನಮ್ಮ ಮೇಲೆ ಯಾವ ಅನುಮಾನವೂ ಬರಲಿಲ್ಲ. ಬಾಯಾರ ಪ್ರವಾಸ ವರದಿ ಬೇಕಂತೆ ಎಂದ ಕೂಡಲೇ ಫೈಲು ತೆಗೆದುಕೊಟ್ಟು, "ನಿಮ್ಮ ಅಕ್ಷರ ಭಾಳ ಛಲೋ ಅದಾವ್ರಿ, ಓದಾಕ ಸಲೀಸು" ಎಂದರು. ಗ್ರಾಮಸೇವಕರು ಹಾಳೆ ತಿರುವಿ ಬೆರಳಿಟ್ಟು ತೋರಿಸಿದರು. ಹಳ್ಳಿಯ ಹೆಸರು, ಮನೆಯ ಹೆಸರು, ಮತ್ತು ಅದರ ಕೆಳಗೆ: "ಧ್ವನಿಮುದ್ರಣದ ನಂತರ ದನದ ಕೊಟ್ಟಿಗೆಯಲ್ಲಿ ಗೋದಲಿಯ ಕೆಳಗಿರುವ ಹಗೇವನ್ನು ಪ್ರತ್ಯಕ್ಷ ನೋಡಲಾಯಿತು." ಆ ಸಾಲಿನ ಕೆಳಗೆ ಯಾರೋ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಅಕ್ಷರ ನನ್ನದೇ. ಕೊನೆಯಲ್ಲಿ ಸಹಿಯೂ ನನ್ನದೇ.

ವರದಿ ತುಂಬಿ ಕಾಣಲಿ ಎಂದು ಬರೆದ ಸಾಲು ಅದು. ಬರೆದದ್ದು ಕೂಡ ನನಗೆ ನೆನಪಿರಲಿಲ್ಲ. ಗ್ರಾಮಸೇವಕರು ಫೈಲನ್ನು ತಾವೇ ಮಡಚಿ ಗುಮಾಸ್ತರಿಗೆ ಕೊಟ್ಟರು. ಹೊರಗೆ ಬಂದ ಮೇಲೆ ಕ್ಷಮಿಸಿರಿ ಎಂದೆ. "ನನಗ್ಯಾಕ ಹೇಳ್ತೀರಿ? ಊರಾಗ ಹೋಗಿ ಹೇಳ್ರಿ" ಎಂದು ಅವರು ಸೈಕಲ್ ಹತ್ತಿ ಹೋದರು.

ಕೂಡಲೇ ಹೋದೆನೆಂದರೆ ಸುಳ್ಳಾಗುತ್ತದೆ. ಹದಿನೈದು ದಿನ ಹೋಗಲಿಲ್ಲ. ಸೊಸೆಯೊಬ್ಬಳನ್ನು ಬಿಟ್ಟರೆ ಆ ಮನೆಯಲ್ಲಿ ನಾನು ಅನುಮಾನಕ್ಕೆ ಹೊರಗಿದ್ದೆ. ಸುಮ್ಮನಿದ್ದರೆ ಹಾಗೇ ಉಳಿಯಬಹುದಿತ್ತು. ಕಚೇರಿಯವರಿಗೆ ಇನ್ನಾರೋ ಹೇಳಿರಬಹುದು, ನನ್ನ ವರದಿ ಬರೀ ಕಾಕತಾಳೀಯವಿರಬಹುದು ಎಂದೆಲ್ಲ ನನಗೆ ನಾನೇ ವಕೀಲಿ ಮಾಡಿಕೊಂಡೆ. ಕಿರಿಯ ಮಗನ ನೆನಪು ಮಾತ್ರ ಬಿಡಲಿಲ್ಲ. ಅವನ ಮುಖವನ್ನೇ ನಾನು ನೋಡಿರಲಿಲ್ಲ. ಆದರೂ ಊಟಕ್ಕೆ ಕೂತಾಗ, ಸ್ಟುಡಿಯೋದಲ್ಲಿ ಟೇಪು ಕತ್ತರಿಸುವಾಗ ಒದ್ದೆ ಬಟ್ಟೆ ಸುತ್ತಿಕೊಂಡ ಮನುಷ್ಯನೊಬ್ಬ ಕಣ್ಣ ಮುಂದೆ ಬರುತ್ತಿದ್ದ.

ಕೊನೆಗೆ ಒಂದು ಮಧ್ಯಾಹ್ನ ಬಸ್ಸಿನಲ್ಲಿ ಹೋದೆ. ಟೇಪ್ ರೆಕಾರ್ಡರು ಒಯ್ಯಲಿಲ್ಲ. ಹಿರಿಯಾಕೆ ಅಂಗಳದಲ್ಲಿ ಕಡಲೆ ಕೇರುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ: ಜೀಪು, ವರದಿ, ಕೊಟ್ಟಿಗೆಯ ಸಾಲು, ಕೆಂಪು ಗೆರೆ. ಆಕೆ ಮೊರ ಕೆಳಗಿಡಲಿಲ್ಲ; ಕೇರುವ ಕೈ ಮಾತ್ರ ನಿಂತಿತು.

"ಮಷೀನ ಬಂದ್ ಮಾಡಸಿದ್ನಲ್ಲ ನಾ" ಎಂದಳು.

"ಹೌದವ್ವಾ. ಕಾಗದದ ಮ್ಯಾಲೆ ಬರದದ್ದು ನಾನ."

ಮೊರದ ಕಾಳನ್ನು ಬೆರಳಿನಿಂದ ಒತ್ತಟ್ಟಿಗೆ ಸರಿಸಿದಳು. ನಂತರ, "ಇದನ್ನ ನನ್ನ ಮುಂದ ಯಾಕ ಹೇಳ್ತಿ? ಯಾರರ ಹೇಳಿ ಕಳಸ್ಯಾರೇನು? ಸಣ್ಣಾಂವ ಕಳಸ್ಯಾನೇನು?" ಎಂದು ಕೇಳಿದಳು.

ಅವನನ್ನು ನಾನು ನೋಡಿಯೇ ಇಲ್ಲವೆಂದೆ. ಆಕೆ ನಂಬಲಿಲ್ಲ. ನನ್ನ ಕಣ್ಣುಗಳನ್ನು ಒಂದಾದ ಮೇಲೊಂದರಂತೆ ನೋಡಿದಳು. ಹಿರಿಯ ಮಗನನ್ನು ಕರೆದು ನನ್ನಿಂದ ಅದೆಲ್ಲವನ್ನೂ ಮತ್ತೊಮ್ಮೆ ಹೇಳಿಸಿದಳು. ಮಾತು ಎಲ್ಲಾದರೂ ಬದಲಾಗುತ್ತದೋ ಎಂದು ಸೊಸೆ ಕೇಳುತ್ತ ನಿಂತಳು. ಬದಲಾಗಲಿಲ್ಲ. ಆಗ ಹಿರಿಯಾಕೆ ಎದ್ದು ಸೆರಗು ಕೊಡವಿ, "ನಡಿ. ಅವನ ಮುಂದ ಬಂದು ಹೇಳು" ಎಂದಳು.

ಓಣಿಯಲ್ಲಿ ನಾವು ನಾಲ್ವರು ನಡೆದು ಹೋಗುವುದನ್ನು ಎಲ್ಲ ಬಾಗಿಲುಗಳೂ ನೋಡಿದವು. ಕಿರಿಯ ಮಗ ಎತ್ತಿನ ಹಗ್ಗ ಹೊಸೆಯುತ್ತಿದ್ದ. ನಾನು ಊಹಿಸಿಕೊಂಡಿದ್ದಕ್ಕಿಂತ ಸಣ್ಣ ಆಳು. ತಾಯಿಯನ್ನು ಕಂಡು ಎದ್ದು ನಿಂತ. ನಾನು ಮೂರನೆಯ ಸಲ ಹೇಳಿದೆ.

ಕೇಳಿ ಮುಗಿಸಿ ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ. ನನ್ನತ್ತ ನೋಡಲೂ ಇಲ್ಲ.

"ಯವ್ವಾ" ಎಂದ, "ನಾ ಅಲ್ಲ ಅಂತ ನಿನ್ನ ಕಾಲ ಹಿಡದ ಹೇಳಿದೆ. ನಂಬಲಿಲ್ಲ. ಇವತ್ತ ಗುರತಿಲ್ಲದಾಕಿ ಬಂದು ಹೇಳಿದ್ರ ನಂಬಿದಿ?"

ಅವನ ಹೆಂಡತಿ ಒಳಗಿನಿಂದ ಒಂದು ತಂಬಿಗೆ ನೀರು ತಂದು ಅತ್ತೆಯ ಮುಂದಿಟ್ಟಳು. ಹಿರಿಯಾಕೆ ಆ ನೀರನ್ನು ಕುಡಿದಳೋ ಇಲ್ಲವೋ ನಾನು ನೋಡಲಿಲ್ಲ. ನನಗೆ ಅಲ್ಲಿ ನಿಲ್ಲುವ ಹಕ್ಕಿಲ್ಲವೆನಿಸಿ ಹೊರಟೆ. ಓಣಿಯ ತಿರುವಿನವರೆಗೆ ಹಿರಿಯಾಕೆ ಬಂದು, "ಹೇಳಿದಿ, ಛಲೋ ಆತು. ಆದ್ರ ಇನ್ನ ನಮ್ಮ ಮನಿಗೆ ಬರಬ್ಯಾಡವಾ" ಎಂದಳು. ದನಿಯಲ್ಲಿ ಬೈಗುಳ ಇರಲಿಲ್ಲ. ಹೋಗುವ ದಾರಿಯಲ್ಲಿ ಪಂಚಾಯಿತಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ, ಗ್ರಾಮಸೇವಕರದು ಏನೂ ತಪ್ಪಿಲ್ಲವೆಂದು ಗಟ್ಟಿಯಾಗಿ ಹೇಳಿದೆ. ಅವರು ತಲೆಯಾಡಿಸಿದರು. ನಂಬಿದರೆಂದು ಹೇಳಲಾರೆ.

ಆಮೇಲೆ ಜೀಪು ಹತ್ತಲಿಲ್ಲ. ಬಸ್ಸು, ಚಕ್ಕಡಿ, ಇಲ್ಲವೇ ನಡಿಗೆ. ನಮ್ಮ ಕೇಂದ್ರಕ್ಕೆ ಕೊಡುವ ವರದಿಯಲ್ಲಿ ತಾಲ್ಲೂಕಿನ ಹೆಸರು ಬಿಟ್ಟು ಬೇರೇನೂ ಬರೆಯುತ್ತಿರಲಿಲ್ಲ. ಮೈಕಿನ ಮುಂದೆ ಯಾರಾದರೂ ಎಷ್ಟು ಚೀಲ ಬೆಳೆದೆವೆಂದು ಹೇಳಹೊರಟರೆ ನಾನೇ ತಡೆಯುತ್ತಿದ್ದೆ. ಇದರಿಂದ ಹೊಸ ತೊಂದರೆ ಶುರುವಾಯಿತು. ಹೆಸರಿಲ್ಲ, ಊರಿಲ್ಲ, ಬೆಳೆಯ ಲೆಕ್ಕವಿಲ್ಲ. ಈಕೆ ನಿಜವಾಗಿ ಹಳ್ಳಿಗೆ ಹೋಗುತ್ತಾಳೋ ಅಥವಾ ಬಾಗಲಕೋಟೆಯ ಯಾವುದೋ ಮನೆಯಲ್ಲಿ ನೆಂಟರನ್ನು ಕೂಡಿಸಿಕೊಂಡು ಮಾತಾಡಿಸುತ್ತಾಳೋ ಎಂದು ಮೇಲಧಿಕಾರಿಗಳಿಗೆ ಅನುಮಾನ ಬಂತು. ಕಾರಣ ಕೇಳಿ ಎರಡು ಸಲ ಪತ್ರ ಕೊಟ್ಟರು. ಬಸ್ಸಿನ ಚೀಟಿಗಳನ್ನು ಅಂಟಿಸಿ ಉತ್ತರ ಬರೆದೆ. ಒಮ್ಮೆ ಹೇಳದೆ ಕೇಳದೆ ಒಬ್ಬರನ್ನು ನನ್ನ ಹಿಂದೆ ಬದಾಮಿಯ ಕಡೆಗೆ ಕಳಿಸಿದರು. ಅವರು ಒಂದು ಶೇಂಗಾದ ಹೊಲದ ಬದುವಿನ ಮೇಲೆ ನಿಂತು, ಹೆಂಗಸೊಬ್ಬಳು ನನಗೆ ಬುಡ್ಡಿ ಸುಲಿದು ತೋರಿಸುವುದನ್ನು ಬಹಳ ಹೊತ್ತು ನೋಡಿ, ನನ್ನ ಜೊತೆಗೇ ಬಸ್ಸಿನಲ್ಲಿ ವಾಪಸು ಬಂದರು. ಬಡ್ತಿ ಮಾತ್ರ ತಡವಾಯಿತು. ಅದಕ್ಕಾಗಿ ನಾನು ಯಾರ ಹತ್ತಿರವೂ ಹೋಗಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲೊಮ್ಮೆ ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಆ ಮನೆಯ ಹಿರಿಯ ಸೊಸೆ. ಮಗಳ ಲಗ್ನಕ್ಕೆ ಸೀರೆ ಕೊಳ್ಳಲು ಬಂದಿದ್ದಳು. ಮಾತಾಡಿಸಿದಾಗ ಮೊದಲು ಕೇಳಿದ್ದು, "ಚೀಲದಾಗ ಏನೈತ್ರಿ?" ಎಂದು. ತೆರೆದು ತೋರಿಸಿದೆ: ಕನ್ನಡಕ, ಒಂದು ಪುಸ್ತಕ, ಬಾಳೆಹಣ್ಣು. ಆಮೇಲೆ ಪಕ್ಕಕ್ಕೆ ಕೂತು ಹೇಳಿದಳು.

ಅತ್ತೆ ತೀರಿಕೊಂಡು ಮೂರು ವರ್ಷವಾಗಿತ್ತು. ಜೋಳ ಒಯ್ದ ಮೇಲಿನ ಮಳೆಗಾಲದಲ್ಲಿ ಕಿರಿಯ ಮಗ ಬಿತ್ತಿಗೆಗೆ ಬೀಜ ಕೊಟ್ಟನಂತೆ, ತಾನೇ ಹೊತ್ತು ತಂದು. ಅಣ್ಣನ ಹೊಲದ ಕೆಲಸಕ್ಕೆ ಬರುತ್ತಿದ್ದ, ತಾಯಿಗೆ ಹುಷಾರು ತಪ್ಪಿದಾಗ ದವಾಖಾನಿಗೆ ಕರೆದುಕೊಂಡು ಹೋಗುತ್ತಿದ್ದ. ಆದರೆ ಆ ಮನೆಯಲ್ಲಿ ಕೂತು ಉಣ್ಣಲಿಲ್ಲ, ಒಂದು ದಿನವೂ. ತಾಟು ಹಾಕಿದರೆ, ಈಗಷ್ಟೇ ಉಂಡು ಬಂದೆ ಎನ್ನುತ್ತಿದ್ದ. ತಾಯಿ ಪ್ರತಿ ಸಲವೂ ಹಾಕುತ್ತಿದ್ದಳು.

"ಮುಂದ ಲೆವಿ ನಿಂತಿತು. ನಾವು ಮತ್ತ ಹಗೇವು ತುಂಬಿದ್ವಿ" ಎಂದಳು.

"ಅದ ಜಾಗಾದಾಗೇನು?" ಎಂದು ಕೇಳಿದೆ.

ಆಕೆ ಅಂಗಡಿಯವ ಬಿಚ್ಚಿ ಹಾಸಿದ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು, ಬಣ್ಣ ಬಿಡುತ್ತದೋ ಇಲ್ಲವೋ ಎಂದು ಅವನನ್ನು ಕೇಳತೊಡಗಿದಳು.